60 ತುಂಬಿದ ಮಾಷ್ಟ್ರಿಗೆ 60 ಕಿಲೋಮೀಟರ್: ಮಂಗಳೂರಿನಿಂದ ಮಲ್ಪೆಗೆ ಹುಟ್ಟುಹಬ್ಬದ ಸೈಕಲ್ ಸವಾರಿ

ನಮ್ಮ ಬೆಳಗ್ಗಿನ ಸೈಕಲ್ ಬಳಗದಲ್ಲಿ ಒಬ್ಬರು ಮಾಷ್ಟ್ರಿದ್ದಾರೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಶಾಲೆಗೆ ಸೈಕಲಿನಲ್ಲೇ ಹೋಗಿ ಬಂದವರು. ಜನವರಿಯಲ್ಲಿ ಅವರಿಗೆ 60 ತುಂಬಿತು. ಮನೆಯವರು ಷಷ್ಟ್ಯಬ್ದಿ ಶಾಂತಿ ಇಟ್ಟುಕೊಂಡರು. ನಾವು 11 ಜನ ಅದರ ಮುಂದಿನ ಭಾನುವಾರ ಅವರ ಜೊತೆ 60 ಕಿಲೋಮೀಟರ್ ಸೈಕಲ್ ತುಳಿದೆವು. ಮಂಗಳೂರಿನ ಲೇಡಿಹಿಲ್‌ನಿಂದ ಹೊರಟು ಮಲ್ಪೆಯ ಕಡಲ ಬದಿಗೆ ತಲುಪಿದೆವು. ಅಂಥದ್ದೊಂದು ಸವಾರಿಯನ್ನು ನಿಮ್ಮ ಗೆಳೆಯರಿಗೋ ಗೆಳತಿಯರಿಗೋ ಏರ್ಪಡಿಸಬೇಕು ಅಂತ ನಿಮಗೂ ಆಸೆ ಇದ್ದರೆ, ಏನೇನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಇದಕ್ಕೆ ಎರಡು ವರ್ಷ ಮೊದಲು ಇನ್ನೊಬ್ಬ ಗೆಳೆಯನ 50ನೇ ಹುಟ್ಟುಹಬ್ಬಕ್ಕೆ ಉಡುಪಿಯಿಂದ ಮರವಂತೆಗೆ ಹೋಗಿದ್ದೆವು. ಆವತ್ತು ನಮ್ಮಲ್ಲಿ ಕಾಲಲ್ಲಿ ಬಲ ಇದ್ದವರೆಲ್ಲ ಮುಂದೆ ಹೋಗಿಬಿಟ್ಟೆವು. ಸಾಲಿಗ್ರಾಮದ ಹತ್ತಿರ ಅವನ ಸೈಕಲ್ ಪಂಕ್ಚರ್ ಆಯಿತು. ಪಂಪ್ ಇದ್ದದ್ದು ನನ್ನ ಚೀಲದಲ್ಲಿ, ನಾನಿದ್ದದ್ದು ಕುಂದಾಪುರದಲ್ಲಿ. ಮುಕ್ಕಾಲು ಗಂಟೆ ಅವನೊಬ್ಬನೇ ರಸ್ತೆ ಬದಿಯಲ್ಲಿ ನಿಂತಿದ್ದ. ಮರವಂತೆಗೆ ಬಂದು ಮುಟ್ಟಿದಾಗ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಆದರೆ ಫೋಟೋದಲ್ಲಿ ಅವನ ಮುಖ ನೋಡಿದರೆ ಈಗಲೂ ನನಗೆ ಬೇಜಾರಾಗುತ್ತದೆ. ಯಾರ ಹಬ್ಬವೋ ಅವರು ಹಿಂದೆ ಉಳಿಯುವುದು ಅಂದರೆ ಏನು? ಅದಕ್ಕೇ ಮಾಷ್ಟ್ರ ಸವಾರಿಗೆ ಒಂದೇ ಒಂದು ನಿಯಮ ಮಾಡಿದೆವು: 12 ಜನ ಹೊರಟರೆ 12 ಜನವೂ ಒಟ್ಟಿಗೆ ಮುಟ್ಟಬೇಕು. ಕೆಳಗೆ ಬರೆದಿರುವ ಹೆಚ್ಚಿನ ಮಾತುಗಳೆಲ್ಲ ಈ ನಿಯಮದಿಂದಲೇ ಹುಟ್ಟಿದ್ದು.

ಮೊದಲು ಅವರನ್ನೇ ಕೇಳಿ

ಹುಟ್ಟುಹಬ್ಬ ಅಂದ ಕೂಡಲೇ ಗುಟ್ಟಾಗಿ ಏರ್ಪಾಡು ಮಾಡಿ ಆಶ್ಚರ್ಯಪಡಿಸುವ ಆಸೆ ಬರುತ್ತದೆ. ದೂರದ ಸವಾರಿಗೆ ಅದು ಬೇಡ. 60 ಕಿಲೋಮೀಟರ್‌ಗೆ ದೇಹವನ್ನು ಒಂದೂವರೆ ತಿಂಗಳು ಮೊದಲೇ ತಯಾರು ಮಾಡಬೇಕು. ಅವರಿಗೆ ಎಷ್ಟು ದೂರ ಇಷ್ಟ, ಯಾರು ಯಾರು ಬಂದರೆ ಖುಷಿ, ಹೆದ್ದಾರಿಯ ಭಯ ಇದೆಯಾ, ಎಲ್ಲಿ ನಿಂತು ಚಾ ಕುಡಿಯಬೇಕು ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಮಾಷ್ಟ್ರು ಕೇಳಿದ್ದು ಎರಡೇ: ದಾರಿಯಲ್ಲಿ ಸಿಗುವ ಕಡಲ ಬದಿಯ ಊರು ಮಟ್ಟುವಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು, ಕೇಕ್ ಬೇಡ.

ಗುಟ್ಟಾಗಿ ಮಾಡಲೇಬೇಕು ಅಂತಿದ್ದರೆ ಕೊನೆಯಲ್ಲೊಂದು ಸಣ್ಣ ಸಂಗತಿ ಇಟ್ಟುಕೊಳ್ಳಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

50 ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಹೃದಯದ ತೊಂದರೆ ಇದ್ದವರು ತಯಾರಿ ಶುರು ಮಾಡುವ ಮೊದಲೇ ವೈದ್ಯರಿಗೆ ತೋರಿಸಿಕೊಳ್ಳಲಿ. ಸಂಕೋಚ ಪಡಬೇಡಿ. ನೀವೇ ಜೊತೆಗೆ ಹೋಗಿ. ಎಷ್ಟು ದೂರ, ಎಷ್ಟು ಗಂಟೆ, ಬೆಳಗ್ಗೆ ಯಾವ ಮಾತ್ರೆ ತೆಗೆದುಕೊಳ್ಳಬೇಕು ಅನ್ನುವುದನ್ನೆಲ್ಲ ಬಿಡಿಸಿ ಕೇಳಿ.

ವಯಸ್ಸಿಗೆ ತಕ್ಕ ದೂರ, ದೂರಕ್ಕೆ ತಕ್ಕ ದಾರಿ

ವಯಸ್ಸಿನಷ್ಟೇ ಕಿಲೋಮೀಟರ್ ತುಳಿಯುವುದು ಚಂದದ ಲೆಕ್ಕ. ಕರಾವಳಿಯಲ್ಲಿ ಅದಕ್ಕೆ ಬೇಕಾದಷ್ಟು ದಾರಿ ಉಂಟು. ಮಗುವಿಗೆ 10 ತುಂಬಿದರೆ ಮಲ್ಪೆ ಸೇತುವೆ ದಾಟಿ ಪಡುಕೆರೆಯಲ್ಲಿ ಒಂದು ಸುತ್ತು ಸಾಕು. 30ಕ್ಕೆ ಮಲ್ಪೆಯಿಂದ ಕಾಪು ದೀಪಸ್ತಂಭಕ್ಕೆ ಹೋಗಿ ಬನ್ನಿ. 40ಕ್ಕೆ ಉಡುಪಿಯಿಂದ ಕುಂದಾಪುರ. 55ರ ಹೊತ್ತಿಗೆ ಉಡುಪಿಯಿಂದ ಮರವಂತೆ, ಒಂದು ಬದಿ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿ ಸಮುದ್ರ. 60ಕ್ಕೆ ನಮ್ಮ ಮಂಗಳೂರು–ಮಲ್ಪೆ ದಾರಿ. 70 ದಾಟಿದವರಿಗೆ ಈ ಲೆಕ್ಕವನ್ನು ಹಠ ಹಿಡಿದು ಅನ್ವಯಿಸಬೇಡಿ. ಅರ್ಧ ದೂರ ಅವರು ತುಳಿಯಲಿ, ಉಳಿದರ್ಧ ಮೊಮ್ಮಕ್ಕಳು ತುಳಿಯಲಿ.

ಘಟ್ಟದ ಕಡೆ ಆಸೆ ಪಡಬೇಡಿ. ಹೆಬ್ರಿ ದಾಟಿ ಆಗುಂಬೆ ಹತ್ತುವುದು ಸೊಗಸಾದ ಸವಾರಿಯೇ. ಆದರೆ ಹತ್ತುವ ದಾರಿಯಲ್ಲಿ ಒಬ್ಬೊಬ್ಬರದು ಒಂದೊಂದು ವೇಗ. ಗುಂಪು ಚೂರು ಚೂರಾಗುತ್ತದೆ. ಎಲ್ಲರೂ ಮಾತಾಡಿಕೊಂಡು ಹೋಗಬೇಕು ಅಂದರೆ ಸಪಾಟು ದಾರಿಯೇ ಬೇಕು.

ದಕ್ಷಿಣದಿಂದ ಉತ್ತರಕ್ಕೆ ಹೋಗುವುದನ್ನು ನಾನು ಬೇಕೆಂದೇ ಆರಿಸಿದೆ. ಮಂಗಳೂರಿನಿಂದ ಉಡುಪಿ ಕಡೆ ಹೋಗುವಾಗ ಸಮುದ್ರ ಎಡಗಡೆ ಇರುತ್ತದೆ. ನಾವು ರಸ್ತೆಯ ಎಡಬದಿಯಲ್ಲೇ ಹೋಗುವವರು. ಹಾಗಾಗಿ ಕಾಪುವಿನಲ್ಲಿ ಕಡಲ ಕಡೆ ತಿರುಗುವಾಗ ರಾಷ್ಟ್ರೀಯ ಹೆದ್ದಾರಿ 66ನ್ನು ಅಡ್ಡ ದಾಟಬೇಕಾಗಿಲ್ಲ. ಆ ಕಡೆಯಿಂದ ಈ ಕಡೆ ಬಂದರೆ ನಾಲ್ಕು ಪಥವನ್ನು 12 ಸೈಕಲ್ ದಾಟಿಸಬೇಕು. ಅದು ಬೇಡವೇ ಬೇಡ.

ಒಂದು ವಾರ ಮೊದಲು ಇಬ್ಬರು ಸ್ಕೂಟರಿನಲ್ಲಿ ಇಡೀ ದಾರಿ ನೋಡಿ ಬನ್ನಿ. ಮಳೆಗಾಲದ ಕಡಲ್ಕೊರೆತಕ್ಕೆ ತೀರದ ರಸ್ತೆ ಎಲ್ಲಿ ಕಿತ್ತುಹೋಗಿದೆ, ಹೆದ್ದಾರಿಯಲ್ಲಿ ಎಲ್ಲಿ ಕೆಲಸ ನಡೆಯುತ್ತಿದೆ, ಯಾವ ಹೋಟೆಲಿಗೆ ಭಾನುವಾರ ರಜೆ, ಹೆಂಗಸರಿಗೆ ಶೌಚಾಲಯ ಎಲ್ಲೆಲ್ಲಿ ಸರಿ ಇದೆ ಅಂತ ಗುರುತು ಮಾಡಿಕೊಳ್ಳಿ. ನಕ್ಷೆ ನೋಡಿ ಇದೆಲ್ಲ ಗೊತ್ತಾಗುವುದಿಲ್ಲ.

ದಿನ ಗೊತ್ತು ಮಾಡುವಾಗ

ಡಿಸೆಂಬರ್, ಜನವರಿ ನಮ್ಮ ಕಡೆ ಸೈಕಲ್ಲಿಗೆ ಒಳ್ಳೆಯ ತಿಂಗಳು. ಬೆಳಗ್ಗೆ ತಂಪು, ಮಳೆಯ ಕಾಟವಿಲ್ಲ. ಫೆಬ್ರವರಿ ಕಳೆದರೆ ಸೆಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳ ಹುಟ್ಟುಹಬ್ಬವಾದರೆ ದೂರವನ್ನು ಅರ್ಧ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಪು ಸವಾರಿ ಬೇಡ. ಹುಟ್ಟಿದ ದಿನವೇ ಆಗಬೇಕೆಂದಿಲ್ಲ. ಹತ್ತಿರದ ಭಾನುವಾರ ಹಿಡಿಯಿರಿ, ಆವತ್ತು ಪಣಂಬೂರು ಕಡೆ ಲಾರಿ ಸ್ವಲ್ಪ ಕಡಿಮೆ.

ಜನವರಿಯಲ್ಲಿ ಉಡುಪಿ ಕಡೆ ಹೋಗುವವರು ಪಂಚಾಂಗ ನೋಡಲೇಬೇಕು. ಸಂಕ್ರಾಂತಿ ಹೊತ್ತಿಗೆ ಕೃಷ್ಣ ಮಠದಲ್ಲಿ ಸಪ್ತೋತ್ಸವ. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ಕ್ಕೆ ಪರ್ಯಾಯ. ಆ ದಿನಗಳಲ್ಲಿ ಊರು ತುಂಬ ಜನ. ಬಸ್ಸಲ್ಲಿ ಜಾಗ ಇಲ್ಲ, ಹೋಟೆಲಲ್ಲಿ ಕುರ್ಚಿ ಇಲ್ಲ. ಆ ವಾರ ಬಿಟ್ಟು ಹಿಂದೆಯೋ ಮುಂದೆಯೋ ಇಟ್ಟುಕೊಳ್ಳಿ.

ಗಾಳಿಯನ್ನೂ ಮರೆಯಬೇಡಿ. ಕರಾವಳಿಯಲ್ಲಿ ಬೆಳಗ್ಗೆ ನೆಲದಿಂದ ಕಡಲಿಗೆ ಮೆಲ್ಲನೆ ಗಾಳಿ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಶುರು. ಮಧ್ಯಾಹ್ನ ಅದು ವಾಯವ್ಯದಿಂದ, ಅಂದರೆ ಉತ್ತರಕ್ಕೆ ಹೋಗುವವರ ಮುಖಕ್ಕೇ ಬೀಸುತ್ತದೆ. ಕೊನೆಯ 15 ಕಿಲೋಮೀಟರ್ ಎದುರು ಗಾಳಿಯಲ್ಲಿ ತುಳಿಯುವ ಕಷ್ಟ ತುಳಿದವರಿಗೇ ಗೊತ್ತು. ಹಾಗಾಗಿ ಮಧ್ಯಾಹ್ನ 12ರ ಒಳಗೆ ಮಲ್ಪೆಯಲ್ಲಿರಬೇಕು. ಗುಂಪಿನ ವೇಗ ಗಂಟೆಗೆ 15 ಕಿಲೋಮೀಟರ್ ಅಂತ ಹಿಡಿದರೆ ತುಳಿಯುವುದಕ್ಕೆ 4 ಗಂಟೆ, ನಿಲ್ಲುವುದಕ್ಕೆ 2 ಗಂಟೆ. ಬೆಳಗ್ಗೆ 5:45ಕ್ಕೆ ಹೊರಡಬೇಕು ಅಂತಾಯಿತು.

ಆರು ವಾರದ ತಯಾರಿ

ಇದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ವಾರದ ನಡುವೆ ಎರಡು ದಿನ 10 ಕಿಲೋಮೀಟರ್. ಭಾನುವಾರ 20ರಿಂದ ಶುರು ಮಾಡಿ 25, 30, 35, 45 ಅಂತ ಏರಿಸಿ. ಕೊನೆಯ ವಾರ 20 ಮಾತ್ರ, ಕಾಲಿಗೆ ವಿಶ್ರಾಂತಿ ಬೇಕು. ಮಂಗಳೂರಿನವರಿಗೆ ಕೂಳೂರಿನಿಂದ ತಣ್ಣೀರುಬಾವಿ ಕಡೆಯ ರಸ್ತೆ ಒಳ್ಳೆಯದು.

ಭಾನುವಾರದ ತಯಾರಿಗೆ ಎಲ್ಲರೂ ಒಟ್ಟಿಗೆ ಬರಲಿ. ಅದು ಕಾಲಿಗಿಂತ ಜಾಸ್ತಿ ಕಣ್ಣಿಗೆ ಅಭ್ಯಾಸ. ಮುಂದಿನ ಸೈಕಲ್ಲಿಗೆ ಎಷ್ಟು ಹತ್ತಿರ ಹೋಗಬಹುದು, ಯಾರು ಹಠಾತ್ತಾಗಿ ಬ್ರೇಕ್ ಹಿಡಿಯುತ್ತಾರೆ, ಯಾರು ಸುಸ್ತಾದರೂ ಬಾಯಿ ಬಿಡುವುದಿಲ್ಲ ಅಂತ ಆಗಲೇ ಗೊತ್ತಾಗುವುದು. ನಮ್ಮ ಮಾಷ್ಟ್ರಿಗೆ ಸುಸ್ತಾದರೆ ಮಾತು ನಿಲ್ಲುತ್ತದೆ. ಅದನ್ನು ನಾವು ಮೂರನೇ ಭಾನುವಾರ ಕಂಡುಕೊಂಡೆವು. ಸವಾರಿಯ ದಿನ ಅದು ತುಂಬಾ ಉಪಯೋಗಕ್ಕೆ ಬಂತು.

ಸೈಕಲ್‌ಗಳನ್ನು ಒಂದು ಕಡೆ ನಿಲ್ಲಿಸಿ ನೋಡಿ

ಗೆಳೆಯರ ಗುಂಪು ಅಂದಮೇಲೆ ಒಬ್ಬರದು ಹಳೆಯ ಅಟ್ಲಾಸ್, ಇನ್ನೊಬ್ಬರದು ಗೇರ್ ಸೈಕಲ್, ಮತ್ತೊಬ್ಬರದು ಮಗನಿಗೆ ಕೊಡಿಸಿದ ದಪ್ಪ ಟಯರಿನದು. ಎಲ್ಲವೂ ಬರಲಿ, ತೊಂದರೆಯಿಲ್ಲ. ಆದರೆ ಹೋಗುವ ಹಿಂದಿನ ಭಾನುವಾರ ಎಲ್ಲವನ್ನೂ ಒಂದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ.

ಮೊದಲು ಟ್ಯೂಬಿನ ಮೂತಿ ನೋಡಿ. ಹಳೆಯ ಸೈಕಲ್ಲಿನದು ಒಂದು ಥರ, ಬೈಕಿನ ಹಾಗಿರುವ ಶ್ರೇಡರ್ ಇನ್ನೊಂದು ಥರ, ಸಪೂರದ ಪ್ರೆಸ್ಟಾ ಮತ್ತೊಂದು ಥರ. ಪೆಟ್ರೋಲ್ ಬಂಕಿನ ಗಾಳಿ ಪ್ರೆಸ್ಟಾಕ್ಕೆ ನೇರವಾಗಿ ಹಿಡಿಯುವುದಿಲ್ಲ, ಅದಕ್ಕೊಂದು ಸಣ್ಣ ಹಿತ್ತಾಳೆಯ ಅಡಾಪ್ಟರ್ ಬೇಕು. ಮೂರೂ ಮೂತಿಗೆ ಆಗುವ ಪಂಪ್ ಇದೆಯಾ ಅಂತ ಅಲ್ಲೇ ಹಾಕಿ ನೋಡಿ. ಟಯರಿನ ಅಳತೆ ಅದರ ಪಕ್ಕದಲ್ಲೇ ಬರೆದಿರುತ್ತದೆ. ಪ್ರತಿ ಅಳತೆಗೆ ಎರಡೆರಡು ಹೊಸ ಟ್ಯೂಬು ತೆಗೆದಿಡಿ. ದಾರಿಯಲ್ಲಿ ತೇಪೆ ಹಾಕುತ್ತಾ ಕೂರುವುದಕ್ಕಿಂತ ಟ್ಯೂಬ್ ಬದಲಿಸುವುದು ಬೇಗ. ತೂತಾದದ್ದನ್ನು ಮನೆಗೆ ತಂದು ತೇಪೆ ಹಾಕಿ. ಟ್ಯೂಬ್ ಬದಲಿಸುವಾಗ ಟಯರಿನ ಒಳಬದಿಗೆ ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ. ಚುಚ್ಚಿದ ಮುಳ್ಳೋ ಗಾಜೋ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಸೀಟಿನ ಎತ್ತರ ಎಲ್ಲರದ್ದೂ ಸರಿ ಮಾಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಮಂಡಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ನಮ್ಮ ಊರಲ್ಲಿ ಮುಕ್ಕಾಲು ಪಾಲು ಜನ ಸೀಟು ತಗ್ಗಿಸಿಯೇ ತುಳಿಯುತ್ತಾರೆ. 10 ಕಿಲೋಮೀಟರ್‌ಗೆ ಏನೂ ಆಗುವುದಿಲ್ಲ. 40 ದಾಟಿದರೆ ಮಂಡಿ ಹಿಡಿದುಕೊಳ್ಳುತ್ತದೆ.

ಬ್ರೇಕ್ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ. ಚೈನಿಗೆ ಎಣ್ಣೆ ಬಿಟ್ಟು, ಮೇಲೆ ನಿಂತದ್ದನ್ನು ಬಟ್ಟೆಯಲ್ಲಿ ಒರೆಸಿ. ಬೆಲ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇಲ್ಲದವರನ್ನು ಸೇರಿಸಿಕೊಳ್ಳಬೇಡಿ. ಎಷ್ಟೇ ಆತ್ಮೀಯರಾದರೂ ಸರಿ.

ಯಾರು ಎಲ್ಲಿ ಇರಬೇಕು

ಮುಂದೆ ಒಬ್ಬರು, ಹಿಂದೆ ಒಬ್ಬರು. ಮುಂದಿನವರಿಗೆ ದಾರಿ ಬಾಯಿಪಾಠ ಇರಬೇಕು, ತಾಳ್ಮೆಯೂ ಇರಬೇಕು. ಹಿಂದಿನವರು ಗುಂಪಿನಲ್ಲೇ ಗಟ್ಟಿ ಸವಾರ ಆಗಿರಬೇಕು, ಪಂಕ್ಚರ್ ತೆಗೆಯಲು ಬರಬೇಕು, ಪಂಪು ಅವರ ಹತ್ತಿರವೇ ಇರಬೇಕು. ಮುಂದಿನವರನ್ನು ಯಾರೂ ದಾಟುವ ಹಾಗಿಲ್ಲ. ಕೊನೆಯವರಿಗಿಂತ ಹಿಂದೆ ಯಾರೂ ಉಳಿಯುವ ಹಾಗಿಲ್ಲ.

ಹುಟ್ಟುಹಬ್ಬದವರನ್ನು ಮೂರನೇ ಜಾಗದಲ್ಲಿ ಬಿಡಿ. ಮುಂದಿನವರು ಆಗಾಗ ತಿರುಗಿ ನೋಡಿ ಅವರ ಕಾಲಿಗೆ ತಕ್ಕ ವೇಗ ಇಟ್ಟುಕೊಳ್ಳಲಿ. ಅವರನ್ನು ಕೊನೆಗೆ ಹಾಕಿದರೆ ಗೊತ್ತಿಲ್ಲದೇ ಅಂತರ ಬೆಳೆಯುತ್ತದೆ. ನಿಧಾನ ಹೋಗುವವರು ಯಾವಾಗಲೂ ಮುಂದಿರಬೇಕು. ಮರವಂತೆಯ ದಿನ ಇದು ನನಗೆ ಗೊತ್ತಿರಲಿಲ್ಲ.

12ಕ್ಕಿಂತ ಜಾಸ್ತಿ ಜನ ಆದರೆ ಎರಡು ತಂಡ ಮಾಡಿ, ನಡುವೆ ಕಾಲು ಕಿಲೋಮೀಟರ್ ಬಿಡಿ. ಬಸ್ಸು, ಲಾರಿಗಳಿಗೆ ಉದ್ದನೆಯ ಸಾಲನ್ನು ಒಂದೇ ಸಲ ದಾಟುವುದು ಕಷ್ಟ.

ಕೈ ಸನ್ನೆ ಮೂರು ಸಾಕು: ತಿರುಗುವ ಕಡೆಗೆ ಕೈ ಚಾಚುವುದು, ನಿಲ್ಲಲು ಅಂಗೈ ಹಿಂದೆ ಮಾಡಿ ಕೆಳಗೆ ತೋರಿಸುವುದು, ಗುಂಡಿ ಇದ್ದ ಕಡೆ ಬೆರಳು ಮಾಡುವುದು. ಬಾಯಲ್ಲಿ "ಗುಂಡಿ", "ಹೊಯಿಗೆ" (ಅಂದರೆ ಮರಳು), "ಮೆಲ್ಲ" ಅಂತ ಕೂಗಿ. ಹಿಂದಿನವರು ಅದನ್ನೇ ಮತ್ತೆ ಕೂಗಿ ದಾಟಿಸಬೇಕು.

ಜೊತೆಗೆ ಒಂದು ಓಮ್ನಿಯೋ ಬೇರೆ ಕಾರೋ ಇರಲಿ. ಅದು ಸೈಕಲ್ಲುಗಳ ಹಿಂದೆ ನಿಧಾನಕ್ಕೆ ಬರುವುದು ಬೇಡ, ಹೆದ್ದಾರಿಯಲ್ಲಿ ಅದೇ ಅಪಾಯ. ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು ಅಂತ ಜಾಗ ಗೊತ್ತು ಮಾಡಿ ಮುಂದೆ ಹೋಗಿ ಕಾಯಲಿ. ನೀರಿನ ಕ್ಯಾನು, ಟ್ಯೂಬುಗಳು, ಗಾಯಕ್ಕೆ ಹಚ್ಚುವ ಔಷಧಿ, ಬ್ಯಾಂಡೇಜ್, ಎರಡು ಛತ್ರಿ, ಒಣ ಟವೆಲ್ ಅದರಲ್ಲಿರಲಿ. ಸುಸ್ತಾದವರಿಗೆ ಕೂರಲು ಒಂದು ಸೀಟು ಖಾಲಿ ಇರಲೇಬೇಕು. ತುರ್ತಿಗೆ 112, ಆಂಬುಲೆನ್ಸಿಗೆ 108 ಎಲ್ಲರ ಫೋನಿನಲ್ಲೂ ಇರಲಿ. ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಫೋನ್ ಲಾಕ್ ಆಗಿದ್ದರೆ ಚೀಟಿಯೇ ಗತಿ.

ದಾರಿ, ಊರು ಊರಾಗಿ

*ಲೇಡಿಹಿಲ್‌ನಿಂದ ಸುರತ್ಕಲ್.* 5:30ಕ್ಕೆ ಸೇರಿ, ಟಯರ್ ಒತ್ತಿ ನೋಡಿ, ಜನ ಎಣಿಸಿ. ಕೊಟ್ಟಾರ ಚೌಕಿ ದಾಟಿದ ಮೇಲೆ ಹೆದ್ದಾರಿ. ಇಡೀ ದಾರಿಯಲ್ಲಿ ನನಗೆ ಭಯ ಇರುವುದು ಈ 14–15 ಕಿಲೋಮೀಟರ್ ಮಾತ್ರ. ಕೂಳೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆ, ಆಮೇಲೆ ಪಣಂಬೂರಿನ ಬಂದರು, ಬೈಕಂಪಾಡಿಯ ಕಾರ್ಖಾನೆಗಳು. ಭಾನುವಾರವೂ ಟ್ಯಾಂಕರ್ ಇರುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಹೆಚ್ಚುಕಡಿಮೆ 7 ಗಂಟೆ. ಅಲ್ಲಿಯವರೆಗೆ ದೀಪ ಉರಿಯುತ್ತಿರಲಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು, ಮಾತು ಬೇಡ. ಸೇತುವೆ ಮೇಲೆ ಫೋಟೋಕ್ಕೆ ನಿಲ್ಲಲೇಬೇಡಿ.

ಇನ್ನೊಂದು ಎಚ್ಚರ ನಮ್ಮ ಕಡೆಯವರಿಗೇ ಹೇಳಬೇಕಾದದ್ದು. ನವೆಂಬರ್ ಕಳೆದರೆ ಯಕ್ಷಗಾನದ ಆಟ, ಭೂತಗಳ ನೇಮ, ಕಂಬಳದ ಕಾಲ. ಶನಿವಾರ ರಾತ್ರಿ ಇಡೀ ನಿದ್ದೆಗೆಟ್ಟವರು ಭಾನುವಾರ ಬೆಳಗ್ಗೆ ಬೈಕಿನಲ್ಲಿ ಮನೆಗೆ ಬರುತ್ತಿರುತ್ತಾರೆ. ಎದುರಿನಿಂದ ಬರುವವರ ಕಣ್ಣು ಅರ್ಧ ಮುಚ್ಚಿದೆ ಅಂತಲೇ ತಿಳಿದು ಹೋಗಿ. ಸರ್ವಿಸ್ ರಸ್ತೆಯಲ್ಲಿ ಉಲ್ಟಾ ಬರುವ ಸ್ಕೂಟರುಗಳ ಬಗ್ಗೆಯೂ ಜಾಗ್ರತೆ.

*ಸುರತ್ಕಲ್‌ನಿಂದ ಮುಲ್ಕಿ.* ಬೆಳಕು ಹರಿದಿರುತ್ತದೆ, ಉಸಿರು ಸಲೀಸಾಗುತ್ತದೆ. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು, ಮುಕ್ಕ, ಹಳೆಯಂಗಡಿ. ಇಲ್ಲಿ ಮೀನಿನ ಲಾರಿಗಳನ್ನು ಗಮನಿಸಿ. ಮಲ್ಪೆಯಿಂದ ಬರುವ ಲಾರಿಯ ಐಸ್ ನೀರು ರಸ್ತೆಗೆ ಸುರಿದಿರುತ್ತದೆ, ಟಯರ್ ಜಾರುತ್ತದೆ. ಒದ್ದೆ ಪಟ್ಟೆ ಕಂಡರೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ದಾಟಿ.

8 ಗಂಟೆ ಹೊತ್ತಿಗೆ ಮುಲ್ಕಿ ಸಿಗುತ್ತದೆ, ಹೆಚ್ಚುಕಡಿಮೆ ಅರ್ಧ ದಾರಿ. ತಿಂಡಿಗೆ ಇಲ್ಲೇ ನಿಲ್ಲಿ. ನಾವು ತಿಂಡಿಯ ನಂತರ ಬಪ್ಪನಾಡು ದೇವಸ್ಥಾನಕ್ಕೆ ಹೋಗಿ ಬಂದೆವು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಈ ಗುಡಿ ಕಟ್ಟಿಸಿದ ಅನ್ನುವುದು ಇಲ್ಲಿನ ಐತಿಹ್ಯ. ನಮ್ಮ ಗುಂಪಿನಲ್ಲಿದ್ದ ಬ್ಯಾರಿ ಗೆಳೆಯರೊಬ್ಬರು ಆ ಕಥೆಯನ್ನು ಮಾಷ್ಟ್ರಿಗೆ ಹೇಳುತ್ತಾ ನಿಂತಿದ್ದು, ಮಾಷ್ಟ್ರು ಗೊತ್ತಿದ್ದ ಕಥೆಯನ್ನೇ ಮಕ್ಕಳ ಹಾಗೆ ಕೇಳಿದ್ದು ನನಗೆ ಈ ಸವಾರಿಯ ಒಳ್ಳೆಯ ನೆನಪು. ಇಂಥದ್ದಕ್ಕೆ ಪಟ್ಟಿಯಲ್ಲಿ ಹೊತ್ತು ಇಟ್ಟುಕೊಳ್ಳಿ.

*ಮುಲ್ಕಿಯಿಂದ ಕಾಪು.* ಶಾಂಭವಿ ಹೊಳೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ. ಟೋಲ್ ಗೇಟಿನ ಹತ್ತಿರ ವಾಹನಗಳು ಪಥ ಬದಲಿಸುತ್ತಾ ಇರುತ್ತವೆ, ಪೂರ್ತಿ ಎಡಕ್ಕೆ ಹಿಡಿದು ಹೋಗಿ. ಪಡುಬಿದ್ರಿ ಪೇಟೆಯಲ್ಲಿ ಗುಂಪು ಒಡೆಯುವ ಸಂಭವ ಜಾಸ್ತಿ. ಮುಖ್ಯ ರಸ್ತೆಯಲ್ಲಿ ಹೋಗುವುದೋ ಸರ್ವಿಸ್ ರಸ್ತೆಯಲ್ಲಿ ಹೋಗುವುದೋ ಅಂತ ಮೊದಲೇ ಹೇಳಿಡಿ, ದಾಟಿದ ಮೇಲೆ ನಿಂತು ಎಣಿಸಿ. 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕ ಕಡಲ ತೀರ ಇರುವುದು ಇದೇ ಊರಲ್ಲಿ. ಹೋಗುವ ಆಸೆಯಾಗುತ್ತದೆ. ಆದರೆ ಮುಂದೆ ಕಡಲು ಹೇಗೂ ಸಿಗುತ್ತದೆ, ಬಿಸಿಲೇರುವ ಮೊದಲು ಕಾಪು ಮುಟ್ಟುವುದು ಮುಖ್ಯ. ಉಚ್ಚಿಲ ದಾಟಿ ಕಾಪುವಿನಲ್ಲಿ ಎಡಕ್ಕೆ ತಿರುಗಿ. ಹೆದ್ದಾರಿ ಅಲ್ಲಿಗೆ ಮುಗಿಯಿತು.

ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಕಡಲಿಗೆ ಚಾಚಿದ ಬಂಡೆಯ ಮೇಲೆ 27 ಮೀಟರ್ ಎತ್ತರಕ್ಕೆ ನಿಂತಿದೆ. ಕೆಳಗಿನ ನೆರಳಲ್ಲಿ ಅರ್ಧ ಗಂಟೆ ವಿಶ್ರಾಂತಿ. ಸಮುದ್ರಕ್ಕೆ ಇಳಿಯುವುದು ಬೇಡ, ಇಲ್ಲಿ ಬಂಡೆ ಜಾರುತ್ತದೆ, ಅಲೆ ಸೆಳೆಯುತ್ತದೆ. ಅಷ್ಟೇ ಅಲ್ಲ, ಉಪ್ಪು ನೀರಲ್ಲಿ ಒದ್ದೆಯಾದ ಚಡ್ಡಿಯಲ್ಲಿ ಇನ್ನೂ 15 ಕಿಲೋಮೀಟರ್ ತುಳಿದರೆ ತೊಡೆ ಸುಲಿದುಹೋಗುತ್ತದೆ.

*ಕಾಪುವಿನಿಂದ ಮಲ್ಪೆ.* ಇಷ್ಟು ಹೊತ್ತು ಬಂದಿದ್ದೇ ಈ ದಾರಿಗಾಗಿ. ತೀರದ ರಸ್ತೆಯಲ್ಲಿ ಕೈಪುಂಜಾಲು, ಮಟ್ಟು, ಆಮೇಲೆ ಪಡುಕೆರೆ. ಮಟ್ಟು ಅಂದರೆ ಗುಳ್ಳದ ಊರು. ತಿಳಿ ಹಸಿರಿನ, ತೆಳು ಸಿಪ್ಪೆಯ ಆ ದುಂಡು ಬದನೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಅಂತ ಊರಿನವರು ಹೇಳುತ್ತಾರೆ. ಜನವರಿಯಲ್ಲಿ ಗದ್ದೆಯಲ್ಲಿ ಕಾಯಿ ಇರುತ್ತದೆ. ಕೇಳಿ ಕೊಂಡು ಕಾರಿಗೆ ಹಾಕಿ, ಮರುದಿನ ಮನೆಮನೆಯಲ್ಲೂ ಗುಳ್ಳದ ಹುಳಿ.

ಮಾಷ್ಟ್ರು ಕೇಳಿದ ಹಾಗೆ ಮಟ್ಟುವಿನಲ್ಲಿ ಕಲ್ಲಿನ ಮೇಲೆ ಕೂತೆವು. ಫೋನು ಹೊರಗೆ ತೆಗೆಯುವುದಿಲ್ಲ ಅಂತ ಒಪ್ಪಂದ ಆಗಿತ್ತು. ಇಪ್ಪತ್ತು ನಿಮಿಷ ಯಾರೂ ಹೆಚ್ಚು ಮಾತಾಡಲಿಲ್ಲ.

ಮುಂದೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಉದ್ಯಾವರ ಹೊಳೆ, ನಡುವೆ ಮನೆಗಳು, ತೆಂಗಿನ ಮರಗಳು. ಇದು ಜನರ ಅಂಗಳದ ಒಳಗೆ ಹಾದ ಹಾಗಿರುವ ರಸ್ತೆ. ಬಲೆ ಹೊಲಿಯುತ್ತಾ ಕೂತಿರುತ್ತಾರೆ, ಮೀನು ಒಣ ಹಾಕಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಕೂಗಾಟ ಬೇಡ, ಬೆಲ್ ಸಾಕು. ರಸ್ತೆ ಮೇಲೆ ಹೊಯಿಗೆ ಬಂದ ಕಡೆ ಇಳಿದು ತಳ್ಳಿ. ತೆಳು ಟಯರಿನವರು ಬೀಳುವುದು ಇಲ್ಲೇ. ಎರಡು ಸೈಕಲ್ ಜೋಡಿಯಾಗಿ ಹೋಗಿ ಮಾತಾಡಬಹುದಾದ ದಾರಿಯೂ ಇದೊಂದೇ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ದೂರ ಹುಟ್ಟುಹಬ್ಬದವರ ಪಕ್ಕದಲ್ಲಿ ತುಳಿಯಿರಿ. ನಾವು ಹನ್ನೊಂದು ಜನ ಸರದಿ ಹಾಕಿಕೊಂಡಿದ್ದೆವು. ಒಬ್ಬೊಬ್ಬರಿಗೆ ಒಂದು ಕಿಲೋಮೀಟರ್ ಮಾಷ್ಟ್ರು ಸಿಕ್ಕಿದರು.

ಹೊಟ್ಟೆಗೆ

ಹೊರಡುವ ಮೊದಲು ಒಂದು ಬಾಳೆಹಣ್ಣು, ಅರ್ಧ ಲೋಟ ಚಾ. ಮುಲ್ಕಿಯಲ್ಲಿ ಇಡ್ಲಿ, ಮೂಡೆ, ನೀರುದೋಸೆಯಂಥದ್ದು. ಬನ್ಸ್, ಗೋಳಿಬಜೆ ಕಣ್ಣಿಗೆ ಬಿದ್ದರೆ ಕಟ್ಟಿಸಿಕೊಳ್ಳಿ, ಮಲ್ಪೆಯಲ್ಲಿ ತಿನ್ನಿ. ಎಣ್ಣೆ ತಿಂಡಿ ತಿಂದು ತುಳಿದರೆ ಎದೆ ಉರಿಯುತ್ತದೆ.

ಬಾಯಾರುವವರೆಗೆ ಕಾಯಬೇಡಿ. 15 ನಿಮಿಷಕ್ಕೊಮ್ಮೆ ಎರಡು ಗುಟುಕು, ಗಂಟೆಗೆ ಅರ್ಧ ಲೀಟರಿನಷ್ಟು ಆಗಬೇಕು. ನಮ್ಮ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಸಾಲದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಇಷ್ಟವಿದ್ದರೆ ನಿಂಬೆ. ಚಮಚ ಮಟ್ಟಸವಾಗಿರಲಿ. ನಮ್ಮಲ್ಲಿ ಒಬ್ಬರು ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ತಂದಿದ್ದರು, ಅದೇ ಮೊದಲು ಖಾಲಿಯಾಯಿತು. ಕಾಪುವಿನಲ್ಲಿ ಬೊಂಡ (ಎಳನೀರು) ಕುಡಿಯಿರಿ, ಬಚ್ಚಂಗಾಯಿ (ಕಲ್ಲಂಗಡಿ) ತಿನ್ನಿ. ಸಕ್ಕರೆ ಕಾಯಿಲೆ ಇರುವವರು ವೈದ್ಯರು ಹೇಳಿದ ಹಾಗೆ ಮಾಡಲಿ. ಜೇಬಲ್ಲಿ ಬೆಲ್ಲದ ಚೂರೋ ಗ್ಲೂಕೋಸೋ ಇರಲಿ.

ಯಾರಿಗಾದರೂ ತಲೆ ತಿರುಗಿದರೆ, ವಾಕರಿಕೆ ಬಂದರೆ, ಚಳಿಯಾದ ಹಾಗಾದರೆ ಅವರ ಸವಾರಿ ಅಲ್ಲಿಗೆ ನಿಲ್ಲಲಿ. ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಟವೆಲ್ ಹಾಕಿ. ಎದೆ ನೋವು, ಎಡಗೈ ಅಥವಾ ದವಡೆಯಲ್ಲಿ ನೋವು ಅಂದರೆ ಕೂಡಲೇ 108.

ಕೊನೆಯ ಕಿಲೋಮೀಟರ್

ಪಡುಕೆರೆ ಸೇತುವೆ ದಾಟಿದರೆ ಮಲ್ಪೆ. ಬಂದರಿನ ದೋಣಿಗಳು, ಐಸಿನ ಗಾಡಿಗಳು, ಜನ. ಮೀಟರ್ ನೋಡಿದರೆ ನಮ್ಮದು 58.7 ಆಗಿತ್ತು. ಕಡಲ ಬದಿಯ ರಸ್ತೆಯಲ್ಲಿ ಒಂದು ಸುತ್ತು ಜಾಸ್ತಿ ಹಾಕಿದೆವು. ನಿಮಗೂ ಹಾಗೇ ಆಗಬಹುದು. ಲೆಕ್ಕ ಪೂರ್ತಿ ಮಾಡಿಯೇ ಇಳಿಯಿರಿ, ಅದು ಅವರಿಗೆ ತುಂಬಾ ಮುಖ್ಯ.

ಕೊನೆಯ ಅರ್ಧ ಕಿಲೋಮೀಟರ್ ಮಾತ್ರ ನಮ್ಮ ಸಾಲಿನ ನಿಯಮ ಬದಲಾಯಿತು. ಮುಂದಿದ್ದವರು ಪಕ್ಕಕ್ಕೆ ಸರಿದು ಮಾಷ್ಟ್ರನ್ನು ಮುಂದೆ ಬಿಟ್ಟರು. ಅಲ್ಲಿ ಅವರ ಹೆಂಡತಿ, ಮಗಳು, ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ಕಾಯುತ್ತಿದ್ದರು. ಗುಟ್ಟಾಗಿ ಇಟ್ಟಿದ್ದು ಇಷ್ಟೇ. ಕೇಕ್ ಬೇಡ ಅಂದಿದ್ದರಲ್ವಾ, ಮನೆಯವರು ಥರ್ಮಾಸಿನಲ್ಲಿ ಹೆಸರುಬೇಳೆ ಪಾಯಸ ತಂದಿದ್ದರು. ಬಿಸಿಲಿಗೆ ಕೇಕಿನ ಕ್ರೀಮ್ ಹೇಗೂ ನಿಲ್ಲುವುದಿಲ್ಲ. ಸ್ಟೀಲ್ ಲೋಟ ತನ್ನಿ, ಕಡಲ ಬದಿಯಲ್ಲಿ ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಊಟಕ್ಕೆ ಮೊದಲೇ ಹೋಟೆಲಿಗೆ ಜನ ಎಷ್ಟು ಅಂತ ಹೇಳಿಡಿ. ಬಂಗುಡೆ, ಕಾಣೆ ತಿನ್ನುವವರೆಷ್ಟು, ಸಸ್ಯಾಹಾರದವರೆಷ್ಟು ಅನ್ನುವುದೂ ಸೇರಿ.

ವಾಪಸ್ ಬರುವುದು

ತುಳಿದುಕೊಂಡು ವಾಪಸ್ ಬರುವ ಯೋಚನೆ ಬೇಡ. ಊಟ, ಬಿಸಿಲು, ನಿದ್ದೆ ಮೂರೂ ಸೇರಿದರೆ ಅಪಘಾತಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಜನ ಮಲ್ಪೆಯಿಂದ ಉಡುಪಿಗೆ ಬಂದು ಎಕ್ಸ್‌ಪ್ರೆಸ್ ಬಸ್ ಹಿಡಿಯಬಹುದು. ಸೈಕಲ್ಲಿಗೆ ಒಂದು ಗೂಡ್ಸ್ ಟೆಂಪೋ ಹೇಳಿಡಿ. ಬಾಡಿಗೆಯನ್ನು ಹುಟ್ಟುಹಬ್ಬದವರನ್ನು ಬಿಟ್ಟು ಉಳಿದವರು ಹಂಚಿಕೊಳ್ಳಿ.

ಸೈಕಲ್ ಒಂದರ ಮೇಲೆ ಒಂದು ಮಲಗಿಸಬೇಡಿ, ಗೇರಿನ ಭಾಗ ಬಾಗುತ್ತದೆ. ನೆಟ್ಟಗೆ ನಿಲ್ಲಿಸಿ, ಒಂದರ ಮುಖ ಮುಂದೆ, ಪಕ್ಕದ್ದರ ಮುಖ ಹಿಂದೆ. ನಡುವೆ ಗೋಣಿಚೀಲವೋ ಹಳೆಯ ಬೆಡ್‌ಶೀಟೋ ಇಡಿ. ಒಂದರ ಪೆಡಲ್ ಇನ್ನೊಂದರ ಕಡ್ಡಿಯೊಳಗೆ ಹೋಗದಂತೆ ನೋಡಿ. ಕಟ್ಟುವುದಕ್ಕೆ ಹಗ್ಗಕ್ಕಿಂತ ಹಳೆಯ ಟ್ಯೂಬ್ ಒಳ್ಳೆಯದು, ಬಿಗಿ ಹಿಡಿಯುತ್ತದೆ, ಬಣ್ಣ ಕೆರೆಯುವುದಿಲ್ಲ.

ಮನೆಗೆ ಬಂದ ದಿನವೇ ಸೈಕಲ್ಲಿಗೆ ಒಂದು ಬಕೆಟ್ ಸಿಹಿನೀರು ಸುರಿಯಿರಿ. ಸಣ್ಣ ಹೊಯಿಗೆ, ಉಪ್ಪಿನ ಗಾಳಿ, ಮೀನಿನ ನೀರು ಎಲ್ಲ ಅದಕ್ಕೆ ಅಂಟಿರುತ್ತದೆ. ಎರಡು ದಿನ ಬಿಟ್ಟರೆ ಚೈನು ಕೆಂಪಾಗುತ್ತದೆ. ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಿ, ಎಣ್ಣೆ ಬಿಡಿ. ನಾನು ಅಂಗಳದಲ್ಲಿ ಅದೇ ಕೆಲಸದಲ್ಲಿದ್ದಾಗ ಮಾಷ್ಟ್ರ ಫೋನ್ ಬಂತು. ಮುಂದಿನ ವರ್ಷ 61 ಅಲ್ವಾ, ಆ ಒಂದು ಕಿಲೋಮೀಟರನ್ನು ಮಟ್ಟುವಿನ ಕಡೆಯೇ ಎಲ್ಲಾದರೂ ಸೇರಿಸಲು ಆಗುತ್ತದಾ ಅಂತ ಕೇಳಿದರು.